ಭಿನ್ನರಾಶಿಗಳನ್ನು ಕೂಡಿಸುವ ಸುಲಭ ದಾರಿ



ಪೂರ್ಣಾಂಕಗಳನ್ನು ಕೂಡಿಸುವುದಕ್ಕೆ ನಮ್ಮಲ್ಲಿ ಯಾರೂ ಹಿಂದೆಗೆಯುವುದಿಲ್ಲ. ಕಿರಾಣಿ ಅಂಗಡಿಯ ಚೀಟಿಯನ್ನು ನಿಂತ ನಿಲುವಿನಲ್ಲಿಯೇ ಕೂಡಿಸಿ ನೋಡುವವರು ಬಹಳ ಮಂದಿ ಇದ್ದಾರೆ. ಆದರೆ ಅದೇ ಚೀಟಿಯಲ್ಲಿ ಅರೆ, ಕಾಲು, ಮೂರರಲ್ಲೊಂದು ಎಂಬ ಅಂಕಿಗಳು ಬಂದು ಸೇರಿದೊಡನೆ ಪೆನ್ಸಿಲು ಕೆಳಗಿಟ್ಟು, "ಅದನ್ನು ಗುಮಾಸ್ತರೇ ನೋಡಿಕೊಳ್ಳಲಿ" ಎಂದುಬಿಡುತ್ತಾರೆ. ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಾನೂ ಒಬ್ಬ ಗುಮಾಸ್ತನೇ. ಆದುದರಿಂದ ಧೈರ್ಯವಾಗಿ ಹೇಳಬಲ್ಲೆ: ಗುಮಾಸ್ತನು ಕೂಡಿಸಿದ್ದನ್ನು ದುಡಿದವನು ಇನ್ನೊಮ್ಮೆ ಕೂಡಿಸಿ ನೋಡುವುದು ಇಬ್ಬರಿಗೂ ಒಳ್ಳೆಯದು. ಅದಕ್ಕೆ ಹೆಚ್ಚಿನ ವಿದ್ಯೆ ಬೇಕಾಗಿಲ್ಲ. ಎರಡು ನಿಯಮಗಳು ಗೊತ್ತಿದ್ದರೆ ಸಾಕು. ಅವೆರಡನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

1. ಮೊದಲು ಹೆಸರುಗಳು

ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ ಬರೆಯಬಹುದಾದ ಸಂಖ್ಯೆಗೆ ಭಾಗಲಬ್ಧ ಸಂಖ್ಯೆ ಎಂದು ಹೆಸರು. 1/2, 3/4, 7/3 ಇವೆಲ್ಲ ಭಾಗಲಬ್ಧ ಸಂಖ್ಯೆಗಳು. 5 ಎಂಬುದೂ ಭಾಗಲಬ್ಧವೇ. ಏಕೆಂದರೆ ಅದನ್ನು 5/1 ಎಂದು ಬರೆಯಬಹುದು. −2/3 ಎಂಬ ಋಣಸಂಖ್ಯೆಯೂ ಇದೇ ಜಾತಿಗೆ ಸೇರಿದುದು. ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ.

ಮಕ್ಕಳನ್ನು ಮರಾಠಿ ಶಾಲೆಗೆ ಕಳುಹಿಸುವ ಮಿತ್ರರು ಒಂದು ಮಾತು ನೆನಪಿಡಬೇಕು. ನಾವು ಭಾಗಲಬ್ಧ ಸಂಖ್ಯೆ ಎನ್ನುವುದನ್ನು ಅಲ್ಲಿಯ ಪುಸ್ತಕದಲ್ಲಿ 'ಪರಿಮೇಯ ಸಂಖ್ಯಾ' ಎಂದು ಬರೆದಿರುತ್ತಾರೆ. ಹೆಸರು ಬೇರೆಯಾದರೂ ವಸ್ತು ಒಂದೇ. ಮಗು ಕೇಳಿದಾಗ ನಮಗೆ ಬಾರದ ಪಾಠವೆಂದು ಹಿಂಜರಿಯಬೇಕಾದುದಿಲ್ಲ.

2. ಎರಡು ನಿಯಮಗಳು

ಮೊದಲನೆಯದು ಪರಿವರ್ತನೀಯ ನಿಯಮ. ಎರಡು ಸಂಖ್ಯೆಗಳನ್ನು ಕೂಡಿಸುವಾಗ ಯಾವುದನ್ನು ಮೊದಲು ಬರೆದರೂ ಮೊತ್ತ ಒಂದೇ.

1/2 + 1/3 = 5/6
1/3 + 1/2 = 5/6

ಮರಾಠಿಯಲ್ಲಿ ಇದಕ್ಕೆ 'ಕ್ರಮನಿರಪೇಕ್ಷತಾ' ಎಂಬ ಹೆಸರಿದೆ. ಅಂದರೆ ಕ್ರಮದ ಹಂಗಿಲ್ಲದ್ದು. ಹೆಸರಿನಲ್ಲಿಯೇ ಅರ್ಥ ಅಡಗಿದೆ.

ಎರಡನೆಯದು ಸಹವರ್ತನೀಯ ನಿಯಮ. ಮೂರು ಸಂಖ್ಯೆಗಳಿರುವಾಗ ಮೊದಲಿನ ಎರಡನ್ನು ಕೂಡಿಸಿ ಅದಕ್ಕೆ ಮೂರನೆಯದನ್ನು ಸೇರಿಸಿದರೂ, ಕೊನೆಯ ಎರಡನ್ನು ಕೂಡಿಸಿಕೊಂಡು ಅದನ್ನು ಮೊದಲನೆಯದಕ್ಕೆ ಸೇರಿಸಿದರೂ ಮೊತ್ತ ಬದಲಾಗುವುದಿಲ್ಲ.

(1/2 + 1/3) + 1/6 = 5/6 + 1/6 = 1
1/2 + (1/3 + 1/6) = 1/2 + 1/2 = 1

ಮೊದಲನೆಯ ನಿಯಮವು ಸಾಲಿನಲ್ಲಿ ಸ್ಥಳ ಬದಲಿಸಲು ಅಪ್ಪಣೆ ಕೊಡುತ್ತದೆ. ಎರಡನೆಯದು ಆವರಣದ ಚಿಹ್ನೆಯನ್ನು ಬೇಕಾದಲ್ಲಿಗೆ ಸರಿಸಲು ಅಪ್ಪಣೆ ಕೊಡುತ್ತದೆ. ಎರಡೂ ಕೂಡಿದರೆ ಎಷ್ಟೇ ಉದ್ದದ ಸಾಲಾಗಲಿ, ಯಾವ ಸಂಖ್ಯೆಯನ್ನು ಯಾವುದರ ಜೊತೆಗೆ ಬೇಕಾದರೂ ಕೂಡಿಸುವ ಹಕ್ಕು ನಮ್ಮದಾಗುತ್ತದೆ.

3. ಇದು ಏಕೆ ನಿಜ?

ನಿಯಮವನ್ನು ಬಾಯಿಪಾಠ ಮಾಡಿದರೆ ಸಾಲದು, ಅದರ ಕಾರಣ ತಿಳಿದಿರಬೇಕು. ಅದಕ್ಕೆ ಹಳೆಯ ನಾಣ್ಯದ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. 1957ನೆಯ ಇಸವಿಯ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಈಗ ಲೆಕ್ಕ ಹಾಕಿ ನೋಡಿ:

ಅರ್ಧ ರೂಪಾಯಿ = 96 ಪೈ
ರೂಪಾಯಿಯ ಮೂರರಲ್ಲೊಂದು = 64 ಪೈ
ರೂಪಾಯಿಯ ಆರರಲ್ಲೊಂದು = 32 ಪೈ

96 + 64 + 32 = 192. ಸರಿಯಾಗಿ ಒಂದು ರೂಪಾಯಿ.

1/2, 1/3, 1/6 ಎಂದು ಬರೆದಾಗ ಅವು ಬೇರೆ ಬೇರೆ ಅಳತೆಯ ತುಂಡುಗಳಂತೆ ಕಾಣುತ್ತವೆ. ಪೈ ಮಾಡಿದೊಡನೆ ಎಲ್ಲವೂ ಒಂದೇ ಅಳತೆಯ ತುಂಡುಗಳಾದವು. ಆಮೇಲೆ ಉಳಿದುದು ಎಣಿಕೆ ಮಾತ್ರ. ಎಡಗಿಸೆಯ ಪೈಗಳನ್ನು ಮೊದಲು ಎಣಿಸಿದರೇನು, ಬಲಗಿಸೆಯವನ್ನು ಮೊದಲು ಎಣಿಸಿದರೇನು? ಎರಡು ಕಿಸೆಗಳನ್ನು ಒಂದುಗೂಡಿಸಿ ಎಣಿಸಿದರೇನು? ಪೈಗಳ ಸಂಖ್ಯೆ ಹೆಚ್ಚುವುದಿಲ್ಲ, ಕುಗ್ಗುವುದೂ ಇಲ್ಲ. ಶಾಲೆಯಲ್ಲಿ 'ಛೇದಗಳನ್ನು ಸಮ ಮಾಡು' ಎಂದು ಹೇಳುವುದು ಈ ಕೆಲಸವನ್ನೇ. ಛೇದ ಸಮವಾದ ಮೇಲೆ ಅಂಶಗಳನ್ನು ಕೂಡಿಸುತ್ತೇವೆ. ಅಂಶಗಳು ಪೂರ್ಣಾಂಕಗಳು. ಪೂರ್ಣಾಂಕಗಳಿಗಿರುವ ಸ್ವಾತಂತ್ರ್ಯವೇ ಭಿನ್ನರಾಶಿಗಳಿಗೂ ಬಂದಿತು.

4. ಹೆಚ್ಚಿನ ಹೊತ್ತಿನ ದುಡಿಮೆ

ಈಗ ಉಪಯೋಗಕ್ಕೆ ಬರೋಣ. ಒಬ್ಬ ಮಿತ್ರರು ವಾರದಲ್ಲಿ ಪಾಳಿಯ ನಂತರ ನಿಂತು ದುಡಿದ ಹೊತ್ತು ಹೀಗಿದೆಯೆಂದು ಇಟ್ಟುಕೊಳ್ಳೋಣ: ಸೋಮವಾರ ಅರ್ಧ ಗಂಟೆ, ಮಂಗಳವಾರ ಮುಕ್ಕಾಲು ಗಂಟೆ, ಬುಧವಾರ 20 ನಿಮಿಷ, ಅಂದರೆ 1/3 ಗಂಟೆ, ಗುರುವಾರ ಒಂದೂಕಾಲು ಗಂಟೆ, ಶುಕ್ರವಾರ 40 ನಿಮಿಷ, ಅಂದರೆ 2/3 ಗಂಟೆ, ಶನಿವಾರ ಒಂದೂವರೆ ಗಂಟೆ.

1/2 + 3/4 + 1/3 + 5/4 + 2/3 + 3/2

ಬರೆದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಕೂಡಿಸುತ್ತ ಹೋದರೆ ಮೊದಲು 5/4, ಆಮೇಲೆ 19/12, ಆಮೇಲೆ 17/6, ಆಮೇಲೆ 7/2, ಕೊನೆಗೆ 5. ಉತ್ತರ ಸರಿಯೇ. ಆದರೆ ನಡುವೆ ಹನ್ನೆರಡರ ಛೇದ ಬಂತು, ಆರರ ಛೇದ ಬಂತು. ಪ್ರತಿಯೊಂದು ಹೆಜ್ಜೆಯಲ್ಲಿಯೂ ತಪ್ಪುವುದಕ್ಕೆ ಎಡೆಯಿದೆ. ದಣಿದು ಬಂದವನು ರಾತ್ರಿ ಖೋಲಿಯ ದೀಪದ ಕೆಳಗೆ ಕುಳಿತು ಇಷ್ಟು ಮಾಡುವುದು ಕಷ್ಟ.

ಈಗ ನಮ್ಮ ಹಕ್ಕನ್ನು ಬಳಸೋಣ. ಒಂದೇ ಜಾತಿಯ ಛೇದಗಳನ್ನು ಜೊತೆ ಮಾಡೋಣ.

(1/2 + 3/2) + (3/4 + 5/4) + (1/3 + 2/3)
= 2 + 2 + 1
= 5 ಗಂಟೆ

ಕಾಗದವೂ ಬೇಡ, ಬಾಯಿಲೆಕ್ಕವೇ ಸಾಕು. 1948ರ ಕಾರ್ಖಾನೆ ಕಾಯಿದೆಯು ಹೆಚ್ಚಿನ ಹೊತ್ತಿನ ದುಡಿಮೆಗೆ ಸಾಮಾನ್ಯ ದರದ ಎರಡರಷ್ಟು ಕೂಲಿಯನ್ನು ಗೊತ್ತುಮಾಡಿತು. ಎರಡರಷ್ಟು ದರವಿರುವಲ್ಲಿ ಲೆಕ್ಕದಲ್ಲಿ ಅರ್ಧ ಗಂಟೆ ಬಿಟ್ಟುಹೋದರೆ ದುಡಿದವನಿಗೆ ಪೂರ್ತಿ ಒಂದು ಗಂಟೆಯ ಪಗಾರ ಹೋದಂತಾಯಿತು. ಭಿನ್ನರಾಶಿ ಚಿಕ್ಕದೆಂದು ಅಸಡ್ಡೆ ಮಾಡಬಾರದು.

5. ಕಳೆಯುವ ಲೆಕ್ಕ ಬಂದಾಗ

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ನಿಯಮಗಳು ಕೂಡುವುದಕ್ಕೆ ಸಲ್ಲುತ್ತವೆ, ಕಳೆಯುವುದಕ್ಕೆ ಸಲ್ಲುವುದಿಲ್ಲ. 3/4 − 1/4 ಎಂದರೆ 1/2. ತಿರುವು ಮುರುವು ಮಾಡಿ 1/4 − 3/4 ಎಂದರೆ −1/2. ಮೊದಲನೆಯದು ಕೈಯಲ್ಲಿರುವ ಅರೆ, ಎರಡನೆಯದು ಕೊಡಬೇಕಾದ ಅರೆ. ಆವರಣ ಸರಿಸುವುದೂ ನಡೆಯದು: (8 − 4) − 2 = 2, ಆದರೆ 8 − (4 − 2) = 6.

ಹಾಗಾದರೆ ಜಮಾ ಖರ್ಚು ಎರಡೂ ಇರುವ ಲೆಕ್ಕದಲ್ಲಿ ಏನು ಮಾಡುವುದು? ಉಪಾಯ ಸರಳವಾಗಿದೆ. ಕಳೆಯುವುದೆಂದರೆ ಋಣಸಂಖ್ಯೆಯನ್ನು ಕೂಡಿಸುವುದೆಂದು ತಿಳಿಯಬೇಕು. ಚಿಹ್ನೆಯನ್ನು ಸಂಖ್ಯೆಗೆ ಅಂಟಿಸಿಬಿಡಬೇಕು. ಆಮೇಲೆ ಸಂಖ್ಯೆ ಎಲ್ಲಿಗೆ ಹೋದರೂ ಚಿಹ್ನೆ ಅದರ ಜೊತೆಗೇ ಹೋಗಬೇಕು.

ನಾಲ್ಕು ಜನ ಕೂಡಿ ಅಡುಗೆ ಮಾಡಿಕೊಳ್ಳುವ ಖೋಲಿಯ ಅಕ್ಕಿಯ ಲೆಕ್ಕ ನೋಡೋಣ. ಏಳೂವರೆ ಕಿಲೋ ತಂದರು. ಪಕ್ಕದ ಖೋಲಿಯವರಿಗೆ ಎರಡೂಮುಕ್ಕಾಲು ಕಿಲೋ ಕೊಟ್ಟರು. ಮತ್ತೆ ಎರಡೂವರೆ ಕಿಲೋ ತಂದರು. ಒಂದೂಕಾಲು ಕಿಲೋ ಅಡುಗೆಗೆ ಹೋಯಿತು.

7½ + (−2¾) + 2½ + (−1¼)

ಬಂದದ್ದನ್ನು ಒಂದು ಕಡೆಗೆ, ಹೋದದ್ದನ್ನು ಒಂದು ಕಡೆಗೆ ಸೇರಿಸಿದರೆ:

(7½ + 2½) + (−2¾ − 1¼)
= 10 + (−4)
= 6 ಕಿಲೋ

ಖಾತೆಕಿರ್ದಿಯಲ್ಲಿ ಜಮಾ ಒಂದು ಪಕ್ಕ, ಖರ್ಚು ಒಂದು ಪಕ್ಕ ಬರೆಯುವ ಪದ್ಧತಿಯ ಹಿಂದೆ ಇರುವುದು ಇದೇ ಎರಡು ನಿಯಮಗಳು. ದಿನವಹಿಯ ಕ್ರಮ ಮುರಿದರೂ ಬಾಕಿ ಮುರಿಯುವುದಿಲ್ಲವೆಂಬ ನಂಬಿಕೆಯಿಲ್ಲದೆ ಯಾವ ವ್ಯಾಪಾರಿಯೂ ಹಾಗೆ ಬರೆಯಲಾರನು.

ಈ ಊರಿನ ಪೇಟೆಯ ಮಾತಿನಲ್ಲಿಯೂ ಋಣದ ಲೆಕ್ಕ ಅಡಗಿದೆ. ಮರಾಠಿಯಲ್ಲಿ 'ಸವ್ವಾ ದೋನ್' ಎಂದರೆ ಎರಡಕ್ಕೆ ಕಾಲು ಹೆಚ್ಚು, 'ಪೌಣೆ ತೀನ್' ಎಂದರೆ ಮೂರಕ್ಕೆ ಕಾಲು ಕಡಿಮೆ, 'ಸಾಡೇ ತೀನ್' ಎಂದರೆ ಮೂರಕ್ಕೆ ಅರೆ ಹೆಚ್ಚು. ಹೊಸದಾಗಿ ಊರಿಗೆ ಬಂದವರು 'ಪೌಣೆ' ಎಂಬ ಮಾತಿಗೆ ತಬ್ಬಿಬ್ಬಾಗುವುದುಂಟು. ನಾವು ಎರಡೂಮುಕ್ಕಾಲು ಎಂದು ಎರಡರಿಂದ ಮೇಲಕ್ಕೆ ಎಣಿಸುತ್ತೇವೆ, ಅವರು ಮೂರರಿಂದ ಕೆಳಕ್ಕೆ ಎಣಿಸುತ್ತಾರೆ. ಕೂಡುವಾಗ ಅವರ ಮಾತು ಬಹಳ ಅನುಕೂಲ. ಸವ್ವಾ ದೋನ್ ಮೀಟರು ಬಟ್ಟೆ, ಪೌಣೆ ತೀನ್ ಮೀಟರು ಬಟ್ಟೆ ಸೇರಿ ಎಷ್ಟು?

(2 + ¼) + (3 − ¼) = (2 + 3) + (¼ − ¼) = 5 + 0 = 5 ಮೀಟರು

ಸವ್ವಾದ ಕಾಲು ಪೌಣೆಯ ಕೊರತೆಯನ್ನು ತುಂಬಿಬಿಟ್ಟಿತು. ಹೀಗೆ ಕೂಡಿದರೆ ಸೊನ್ನೆಯಾಗುವ ಜೋಡಿಗೆ ಒಂದಕ್ಕೊಂದು ಸಂಕಲನ ವಿಲೋಮ ಎಂದು ಹೆಸರು. ಉದ್ದದ ಲೆಕ್ಕ ಬಂದಾಗ ಇಂಥ ಜೋಡಿಗಳನ್ನು ಮೊದಲು ಹುಡುಕಿ ಹೊಡೆದುಹಾಕಬೇಕು.

6. ಮಳಖೇಡದ ಲೆಕ್ಕ

ಕಲಬುರಗಿಯ ಕಡೆಯಿಂದ ದುಡಿಮೆಗೆ ಬಂದ ಮಿತ್ರರಿಗೆ ಮಳಖೇಡವೆಂಬ ಊರು ಗೊತ್ತಿರುತ್ತದೆ. ಹಿಂದೆ ಅದು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯರೆಂಬ ಜೈನ ಪಂಡಿತರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದರಲ್ಲಿ ಭಿನ್ನರಾಶಿಗಳಿಗೆಂದೇ 'ಕಲಾಸವರ್ಣ' ಎಂಬ ಪ್ರಕರಣವಿದೆ. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದ ಮೇಲೆ ಹೊರದೇಶಗಳ ವಿದ್ವಾಂಸರಿಗೂ ಅದರ ಪರಿಚಯವಾಯಿತು.

ಆ ಪ್ರಕರಣದಲ್ಲಿ ಒಂದು ಸೊಗಸಾದ ವಿಧಿಯಿದೆ. ಅಂಶ ಒಂದೇ ಆಗಿರುವ ಹಲವು ಭಿನ್ನರಾಶಿಗಳನ್ನು ಕೂಡಿಸಿ ಸರಿಯಾಗಿ ಒಂದು ಬರುವಂತೆ ಮಾಡುವುದು ಹೇಗೆ ಎಂಬುದು ಪ್ರಶ್ನೆ. ಛೇದಗಳು ಒಂದರಿಂದ ತೊಡಗಿ ಮೂರು ಮೂರು ಪಟ್ಟು ಹೆಚ್ಚುತ್ತ ಹೋಗಬೇಕು. ಆ ಸಾಲಿನಲ್ಲಿ ಮೊದಲನೆಯ ಛೇದವನ್ನು ಎರಡರಿಂದಲೂ, ಕೊನೆಯದನ್ನು ಮೂರರಲ್ಲಿ ಎರಡರಿಂದಲೂ ಗುಣಿಸಬೇಕು. ನಾಲ್ಕು ಭಿನ್ನರಾಶಿಗಳು ಬೇಕಾದರೆ ಮೊದಲು 1, 3, 9, 27 ಎಂದು ಬರೆದು, ಒಂದನ್ನು 2 ಮಾಡಿ, ಇಪ್ಪತ್ತೇಳನ್ನು 18 ಮಾಡಬೇಕು. ಆಗ ಬರುವುದು:

1/2 + 1/3 + 1/9 + 1/18

ಇದನ್ನು ಎಡದಿಂದ ಕೂಡಿಸಿದರೆ 5/6, ಆಮೇಲೆ 17/18, ಕೊನೆಗೆ 1. ಈಗ ಬಾಲದಿಂದ ಹಿಡಿದು ಕೂಡಿಸಿ ನೋಡಿ:

1/9 + 1/18 = 3/18 = 1/6
1/3 + 1/6 = 3/6 = 1/2
1/2 + 1/2 = 1

ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊತ್ತವು ಚಿಕ್ಕದಾಗಿ ಮಡಿಸಿಕೊಂಡು, ಅಂಶವು ಮತ್ತೆ ಒಂದೇ ಆಗಿ ನಿಲ್ಲುತ್ತದೆ. ಐದು ಭಿನ್ನರಾಶಿಗಳಾದರೂ, ಹತ್ತಾದರೂ ಹೀಗೆಯೇ ಮಡಿಸಿಕೊಳ್ಳುತ್ತ ಬರುತ್ತವೆ. ಎಡದಿಂದ ಹೊರಟವನಿಗೆ ಬೆಟ್ಟ, ಬಲದಿಂದ ಹೊರಟವನಿಗೆ ಇಳಿಜಾರು. ದಾರಿ ಆರಿಸುವ ಹಕ್ಕನ್ನು ಕೊಟ್ಟದ್ದು ನಮ್ಮ ಎರಡು ನಿಯಮಗಳೇ.

7. ಜೋಡಿ ಸಿಗದಿದ್ದರೆ?

ಎಲ್ಲ ಲೆಕ್ಕಗಳೂ ಹೀಗೆ ಜೋಡಿ ಜೋಡಿಯಾಗಿ ಸಿಗುವುದಿಲ್ಲ. 5/6 + 3/8 + 1/12 ಎಂಬುದನ್ನು ನೋಡಿ. ಇಲ್ಲಿ ಸ್ಥಳ ಬದಲಿಸಿ ಹೆಚ್ಚು ಲಾಭವಿಲ್ಲ; ಛೇದಗಳನ್ನು ಸಮ ಮಾಡಲೇಬೇಕು. ಮೂರು ಛೇದಗಳನ್ನೂ ಗುಣಿಸಿದರೆ 576 ಬರುತ್ತದೆ. ಅಷ್ಟು ದೊಡ್ಡದು ಬೇಕಿಲ್ಲ. ಎಲ್ಲ ಛೇದಗಳಿಂದಲೂ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಸಾಕು. ಶಾಲೆಯಲ್ಲಿ ಇದಕ್ಕೆ ಲ. ಸಾ. ಅ. ಎನ್ನುತ್ತಾರೆ. ಮಹಾವೀರಾಚಾರ್ಯರು ಇದನ್ನು 'ನಿರುದ್ಧ' ಎಂದು ಕರೆದರು.

ನಿರುದ್ಧವನ್ನು ಕಂಡುಹಿಡಿಯುವ ಬಗೆ ಹೀಗೆ. 6 ಮತ್ತು 8 ಇವೆರಡರ ಸಾಮಾನ್ಯ ಅಪವರ್ತನ 2. ಅದರಿಂದ ಭಾಗಿಸಿದರೆ 3 ಮತ್ತು 4 ಉಳಿಯುತ್ತವೆ. ಸಾಮಾನ್ಯವಾದುದನ್ನೂ ಉಳಿದವನ್ನೂ ಗುಣಿಸಿದರೆ 2 × 3 × 4 = 24. ಇದು 12ರಿಂದಲೂ ಭಾಗವಾಗುತ್ತದೆ. ಆದುದರಿಂದ 24 ನಿರುದ್ಧ.

20/24 + 9/24 + 2/24 = 31/24 = 1 7/24

ಒಟ್ಟಿನಲ್ಲಿ ಮಾಡತಕ್ಕ ಕ್ರಮವಿದು: ಮೊದಲು ಸೊನ್ನೆಯಾಗುವ ಜೋಡಿಗಳನ್ನು ತೆಗೆದುಹಾಕಿರಿ, ಆಮೇಲೆ ಒಂದೇ ಛೇದದವನ್ನು ಗುಂಪು ಮಾಡಿರಿ, ಉಳಿದುದಕ್ಕೆ ಮಾತ್ರ ನಿರುದ್ಧವನ್ನು ಹುಡುಕಿರಿ.

8. ಚೂರು ಬಿಡುವವರಿಗೆ ಎಚ್ಚರಿಕೆ

ಈ ನಿಯಮಗಳು ಹದಿನಾರಾಣೆ ಸತ್ಯ. ಆದರೆ ಸಂಖ್ಯೆಗಳು ಪೂರ್ತಿಯಾಗಿರುವವರೆಗೆ ಮಾತ್ರ. ನಡುವೆ ಚೂರುಪಾರು ಬಿಟ್ಟು ಅಂದಾಜು ಮಾಡಿದರೆ ಅವು ಕೈಕೊಡುತ್ತವೆ.

ಹಳೆಯ ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ 5 ಆಣೆ 4 ಪೈ. ಒಂದು ಪೈಯೂ ಉಳಿಯುತ್ತಿರಲಿಲ್ಲ. ನೂರು ಪೈಸೆಯ ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲೆಗೆ 33 ಪೈಸೆ, ಮತ್ತೆ ಒಂದು ಪೈಸೆ ಮಿಕ್ಕುತ್ತದೆ. 1/3 + 1/3 + 1/3 ಎಂದು ಬರೆದರೆ ಒಂದು, 0.33 + 0.33 + 0.33 ಎಂದು ಬರೆದರೆ 0.99. ತಪ್ಪು ಕೂಡುವುದರಲ್ಲಿಲ್ಲ, ಮೊದಲೇ ಚೂರು ಬಿಟ್ಟುದರಲ್ಲಿದೆ.

ನಾಲ್ಕನೆಯ ಭಾಗದಲ್ಲಿ ನೋಡಿದ ವಾರದ ಲೆಕ್ಕವನ್ನೇ ತೆಗೆದುಕೊಳ್ಳಿ. ಕಾಲು ಗಂಟೆಗಿಂತ ಕಡಿಮೆಯಾದುದನ್ನು ದಿನದಿನವೂ ಬಿಟ್ಟು ಬರೆದರೆ ಬುಧವಾರದ 20 ನಿಮಿಷ 15 ಆಗುತ್ತದೆ, ಶುಕ್ರವಾರದ 40 ನಿಮಿಷ 30 ಆಗುತ್ತದೆ. ವಾರದ ಮೊತ್ತ ಐದು ಗಂಟೆಯ ಬದಲು ನಾಲ್ಕೂಮುಕ್ಕಾಲು. ಪೂರ್ತಿ ಕೂಡಿಸಿ ಕೊನೆಗೆ ಬಿಡುವುದಾದರೆ ಬಿಡುವುದಕ್ಕೆ ಏನೂ ಇರುವುದಿಲ್ಲ, ಐದು ಐದೇ. ಒಂದೇ ದುಡಿಮೆ, ಎರಡು ಮೊತ್ತ! ಆದುದರಿಂದ ಭಿನ್ನರಾಶಿಯನ್ನು ಕೊನೆಯವರೆಗೂ ಭಿನ್ನರಾಶಿಯಾಗಿಯೇ ಇಟ್ಟುಕೊಂಡು, ಮೊತ್ತ ಬಂದ ಮೇಲೆಯೇ ಅಂದಾಜು ಮಾಡತಕ್ಕದ್ದು. ಪಗಾರದ ಚೀಟಿಯಲ್ಲಿ ವ್ಯತ್ಯಾಸ ಕಂಡರೆ ಮೊದಲು ವಿಚಾರಿಸಬೇಕಾದ ಪ್ರಶ್ನೆ ಇದೇ: ಚೂರನ್ನು ಬಿಟ್ಟದ್ದು ದಿನದಿನವೋ, ವಾರದ ಕೊನೆಗೋ?

ಗಣಕಯಂತ್ರಕ್ಕೂ ಈ ತೊಡಕು ತಪ್ಪಿದ್ದಲ್ಲ. ಅದು ಎರಡರ ಮಾನದಲ್ಲಿ ಎಣಿಸುವುದರಿಂದ ಹತ್ತರಲ್ಲೊಂದನ್ನು ಪೂರ್ತಿಯಾಗಿ ಬರೆದುಕೊಳ್ಳಲಾರದು. ಎಲ್ಲೋ ಒಂದು ಕಡೆ ಚೂರು ಬಿಡುತ್ತದೆ. ಸಾಮಾನ್ಯ ಪದ್ಧತಿಯಲ್ಲಿ ಅದಕ್ಕೆ (0.1 + 0.2) + 0.3 ಎಂದು ಕೊಟ್ಟರೆ 0.6000000000000001 ಎಂದೂ, 0.1 + (0.2 + 0.3) ಎಂದು ಕೊಟ್ಟರೆ 0.6 ಎಂದೂ ಉತ್ತರ ಬರುತ್ತದೆ. ವ್ಯತ್ಯಾಸ ಹದಿನಾರನೆಯ ದಶಮಾಂಶ ಸ್ಥಾನದಲ್ಲಿ. ನಮ್ಮ ಜಮಾಖರ್ಚಿಗೆ ಅದರಿಂದ ಬಾಧೆಯಿಲ್ಲ. ಆದರೂ ಯಂತ್ರ ಹೇಳಿದ ಮಾತ್ರಕ್ಕೆ ಕಣ್ಣು ಮುಚ್ಚಬಾರದೆಂಬುದಕ್ಕೆ ಈ ಸಾಕ್ಷಿ ಸಾಕು. ಪೆನ್ಸಿಲಿನಿಂದ 1/10 + 2/10 + 3/10 ಎಂದು ಬರೆದವನಿಗೆ ಯಾವ ಕಡೆಯಿಂದ ಬಂದರೂ 6/10.

9. ತಾಳೆ ನೋಡುವುದು

ಈ ನಿಯಮಗಳ ಇನ್ನೊಂದು ಉಪಕಾರವನ್ನು ಹೇಳಿ ಪಾಠ ಮುಗಿಸುತ್ತೇನೆ. ಮೇಲಿನಿಂದ ಕೆಳಕ್ಕೆ ಒಮ್ಮೆ ಕೂಡಿಸಿರಿ. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿಸಿರಿ. ಎರಡು ಮೊತ್ತಗಳು ಬೇರೆಯಾದರೆ ಎಲ್ಲಿಯೋ ತಪ್ಪಿದೆಯೆಂದು ಖಂಡಿತ. ಒಂದೇ ಆದರೆ ಬಹುಮಟ್ಟಿಗೆ ನಂಬಬಹುದು. ಅದೇ ದಾರಿಯಲ್ಲಿ ಎರಡು ಸಲ ಹೋದವನು ಅದೇ ಗುಂಡಿಯಲ್ಲಿ ಎರಡು ಸಲ ಬೀಳಬಹುದು. ಬೇರೆ ದಾರಿಯಲ್ಲಿ ಹೋದರೆ ಆ ಭಯ ಕಡಿಮೆ. ಈ ತಾಳೆ ನೋಡಲು ಬೇರೊಬ್ಬರ ಸಹಾಯ ಬೇಡ, ಸಹಿ ಬೇಡ, ಇಂಗ್ಲಿಷೂ ಬೇಡ.

ಅಭ್ಯಾಸ

ಕೆಳಗಿನ ಲೆಕ್ಕಗಳನ್ನು ಎಡದಿಂದ ಬಲಕ್ಕೆ ಒಮ್ಮೆ, ಜೋಡಿ ಮಾಡಿಕೊಂಡು ಇನ್ನೊಮ್ಮೆ ಮಾಡಿ, ತಗಲಿದ ಹೊತ್ತನ್ನು ಹೋಲಿಸಿ ನೋಡಿರಿ.

(1) 3/8 + 2/3 + 5/8 + 1/3
(2) 5/6 + (−3/4) + 1/6 + (−1/4)
(3) 4/9 + 7/12 + 5/9 + (−1/12)
(4) ಸಾಡೇ ತೀನ್, ಪೌಣೆ ದೋನ್, ಸವ್ವಾ ಚಾರ್, ಅರ್ಧ: ಈ ನಾಲ್ಕು ಅಳತೆಯ ಬಟ್ಟೆಯ ತುಂಡುಗಳು ಸೇರಿ ಎಷ್ಟು ಮೀಟರು?
(5) 1/2 + 1/3 + 1/9 + 1/27 + 1/54. ಬಾಲದಿಂದ ತೊಡಗಿರಿ.

ಉತ್ತರಗಳು: (1) 2, (2) 0, (3) 1½, (4) 10 ಮೀಟರು, (5) 1.

ಉತ್ತರ ತಾಳೆಯಾಗದಿದ್ದರೆ ಬರೆದ ಕಾಗದವನ್ನು ಹರಿದುಹಾಕದೆ ರವಿವಾರ ವಾಚನಾಲಯಕ್ಕೆ ತೆಗೆದುಕೊಂಡು ಬನ್ನಿರಿ. ಎಲ್ಲಿ ತಪ್ಪಿತೆಂಬುದನ್ನು ಕೂಡಿಯೇ ಹುಡುಕೋಣ. ಪಗಾರದ ಚೀಟಿಯಿದ್ದರೆ ಅದನ್ನೂ ಜೊತೆಗೆ ತನ್ನಿರಿ.